ಅಪ್‌ಡೇಟ್: ಶಾಪ್‌ಸ್ಮಿತ್ ಮಾರ್ಕ್ 5ರ ಬಿಗಿಹಿಡಿದ ವೇಗದ ಡಯಲ್

ಗರಗಸ, ಲೇತ್, ಡ್ರಿಲ್ ಎಲ್ಲವೂ ಒಂದರಲ್ಲೇ ಇರುವ ಮರಗೆಲಸದ ಯಂತ್ರವಾದ ಹಳೆಯ ಶಾಪ್‌ಸ್ಮಿತ್ ಮಾರ್ಕ್ 5ರ ವೇಗದ ಡಯಲ್ ಏಕೆ ತಿರುಗುತ್ತಿಲ್ಲವೆಂದು ನಾನು ಕೇಳಿದ್ದೆ. ಮೋಟಾರಿಗಿಂತ ಮೊದಲು ಪುಲ್ಲಿಯನ್ನು ನೋಡಿ ಎಂದ ಹಿರಿಯರ ಮಾತೇ ನಿಜವಾಯಿತು. ಪ್ಲಗ್ ತೆಗೆದು ಹೆಡ್‌ಸ್ಟಾಕ್ (ಮೋಟಾರು, ಪುಲ್ಲಿಗಳಿರುವ ಪೆಟ್ಟಿಗೆ) ಬಿಚ್ಚಿದಾಗ, ಶಾಫ್ಟಿನ ಮೇಲೆ ಅತ್ತಿತ್ತ ಸರಿದು ಬೆಲ್ಟ್ ಸುತ್ತುವ ವ್ಯಾಸವನ್ನು ಹಿಗ್ಗಿಸಿ ಕುಗ್ಗಿಸಬೇಕಾದ ಪುಲ್ಲಿಯ ಅರ್ಧಭಾಗವು, ದೀರ್ಘಕಾಲ ಬಳಕೆಯಿಲ್ಲದೆ ಅಂಟಾಗಿದ್ದ ಎಣ್ಣೆ ಮತ್ತು ಮರದ ಹೊಟ್ಟಿನಿಂದ ಕಚ್ಚಿಕೊಂಡಿತ್ತು. ಅದನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ತೆಳು ಎಣ್ಣೆ ಬಿಟ್ಟ ಮೇಲೆ ವೇಗವು ನಿಮಿಷಕ್ಕೆ ಸುಮಾರು 700ರಿಂದ 5200 ಸುತ್ತುಗಳವರೆಗೆ ಸಲೀಸಾಗಿ ಏರಿಳಿಯುತ್ತಿದೆ. ಹಳೆಯದನ್ನು ಕೊಳ್ಳುವವರು ದಯವಿಟ್ಟು ನೆನಪಿಡಬೇಕು: ಡಯಲನ್ನು ಯಂತ್ರ ಓಡುತ್ತಿರುವಾಗ ಮಾತ್ರ ತಿರುಗಿಸಬೇಕು, ನಿಂತಾಗ ಬಲವಂತ ಮಾಡಿದರೆ ಒಳಗಿನ ಭಾಗಗಳು ಕೆಡುತ್ತವೆ. ಹೆಡ್‌ಸ್ಟಾಕ್ ಜರುಗುವ ಉಕ್ಕಿನ ಕೊಳವೆಗಳಿಗೆ ಹೊಟ್ಟು ಅಂಟಿಸಿಕೊಳ್ಳುವ ಎಣ್ಣೆಯ ಬದಲು ಪೇಸ್ಟ್ ಮೇಣವನ್ನು ಉಜ್ಜಿದ್ದೇನೆ. ಇನ್ನು ಉಳಿದಿರುವುದು ಕ್ವಿಲ್‌ನ (ತಿರುಗುವ ಸ್ಪಿಂಡಲನ್ನು ಹಿಡಿದು ಹಿಂದೆ ಮುಂದೆ ಸರಿಯುವ ಕೊಳವೆಯ) ಬೇರಿಂಗ್ ಬದಲಾವಣೆಯೊಂದೇ.