ಅಪ್‌ಡೇಟ್: ನಾಲ್ಕಡಿ ಅಕ್ವೇರಿಯಂಗೆ ಮರದ ಸ್ಟ್ಯಾಂಡ್

48×18×18 ಇಂಚಿನ ಟ್ಯಾಂಕಿಗೆ ಮರದ ಸ್ಟ್ಯಾಂಡ್ ಸಾಕೋ, ಕಬ್ಬಿಣದ್ದೇ ಬೇಕೋ ಎಂದು ಕೇಳಿದ್ದೆ. ಮರದ್ದೇ ಮಾಡಿದೆ. ನೀರು ತುಂಬಿದ್ದಾಗಿದೆ, ಒಂದಿಷ್ಟೂ ಅಲುಗಾಟವಿಲ್ಲ.

ನೀರೇ ಸುಮಾರು 250 ಲೀಟರ್. ಗಾಜು, ಜಲ್ಲಿ, ಕಲ್ಲು ಸೇರಿದರೆ 350 ಕೆಜಿ ಹತ್ತಿರ. ಈ ಭಾರವನ್ನು ಮರ ಹೊರಬೇಕು, ಸ್ಕ್ರೂ ಅಲ್ಲ. ಹಾಗಾಗಿ ಮೇಲಿನ ಚೌಕಟ್ಟು ನೇರವಾಗಿ ಕಾಲುಗಳ ತಲೆಯ ಮೇಲೇ ಕೂತಿದೆ. ಚೌಕಟ್ಟನ್ನು ಕಾಲಿನ ಪಕ್ಕಕ್ಕೆ ಸ್ಕ್ರೂ ಹೊಡೆದು ನಿಲ್ಲಿಸಿದರೆ ಬರಬರುತ್ತಾ ಸ್ಕ್ರೂ ಬಾಗಿ ಕೀಲು ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ಮತ್ತಿ ಮರ, 3×2 ಇಂಚು, ಆರು ಕಾಲು. ಉದ್ದದ ಪಟ್ಟಿಗಳ 3 ಇಂಚಿನ ಬದಿ ನಿಂತಿರಬೇಕು, ಮಲಗಿಸಿದರೆ ನಡುವೆ ಜಗ್ಗುತ್ತದೆ.

ಹಿಂಬದಿಗೆ ಹೊಡೆದ 12 ಎಂಎಂ ಪ್ಲೈವುಡ್ ದಯವಿಟ್ಟು ಬಿಡಬೇಡಿ. ಸ್ಟ್ಯಾಂಡ್ ಪಕ್ಕಕ್ಕೆ ವಾಲದಂತೆ ಹಿಡಿಯುವುದು ಅದೇ. ಪೈಪಿನ ತೂತು ಮೂಲೆಗಳಿಂದ ದೂರವಿರಲಿ.

ಮೇಲೆ 18 ಎಂಎಂ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್), ಅಂಚಿಗೆ ಮೂರು ಕೋಟ್ ಪಿಯು (ಪಾಲಿಯುರೆಥೇನ್ ವಾರ್ನಿಷ್), ಏಕೆಂದರೆ ನೀರು ಮೊದಲು ಇಳಿಯುವುದು ಅಂಚಿನಲ್ಲೇ. ಅದರ ಮೇಲೆ 10 ಎಂಎಂ ಥರ್ಮಾಕೋಲ್.

ರಸಮಟ್ಟ ಇಟ್ಟು ನೋಡಿ. ವ್ಯತ್ಯಾಸವಿದ್ದರೆ ಬೆಣೆ ಕಾಲಿನಡಿಗೆ ಕೊಡಿ, ಟ್ಯಾಂಕಿನಡಿಗೆ ಬೇಡ. ಗಾಜು ಅಲ್ಲೇ ಬಿರಿಯುತ್ತದೆ. ಅರ್ಧ ತುಂಬಿಸಿ ಮತ್ತೊಮ್ಮೆ ಮಟ್ಟ ನೋಡಿಕೊಂಡೇ ಉಳಿದ ನೀರು ಬಿಡಿ.