ಲಿಕ್ಕರ್, ಲಿಕ್ಯೂರ್ ಮತ್ತು ಸೋಂಪಿನ ಗೊಂದಲ

ಬಳಗದ ಎಲ್ಲರಿಗೂ ನಮಸ್ಕಾರ.

ತುಮಕೂರಿನಲ್ಲಿ ಹೋಟೆಲ್ ನಿರ್ವಹಣೆ ಕಲಿಯುತ್ತಿರುವ ಮಕ್ಕಳಿಗಾಗಿ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಪಾನೀಯಗಳ ಅಧ್ಯಾಯದಲ್ಲಿ ಲಿಕ್ಯೂರ್ ಬಂದ ಕೂಡಲೇ ಕೈ ನಿಂತಿತು. ನಮ್ಮಲ್ಲಿ ಲಿಕ್ಕರ್ ಎಂದರೆ ಬಾರಿನಲ್ಲಿ ಸಿಗುವ ಎಲ್ಲವೂ. ಲಿಕ್ಯೂರ್ ಅದರೊಳಗಿನ ಒಂದು ಬಗೆ ಮಾತ್ರ: ಭಟ್ಟಿ ಇಳಿಸಿದ ಮದ್ಯಕ್ಕೆ ಹಣ್ಣು, ಸಿಪ್ಪೆ, ಬೇರು, ಬೀಜ, ಹೂವುಗಳ ಪರಿಮಳ ಹತ್ತಿಸಿ, ಸಕ್ಕರೆ ಬೆರೆಸಿದ್ದು. ಯುರೋಪಿಯನ್ ಒಕ್ಕೂಟದ ನಿಯಮದಂತೆ ಸಾಮಾನ್ಯವಾಗಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆಯೂ ಶೇ 15ರಷ್ಟು ಮದ್ಯಸಾರವೂ ಇರಬೇಕು.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ಹೆಂಡ, ಸೇಂದಿ, ಸಾರಾಯಿ ಯಾವುವೂ ಸಲ್ಲವು. 'ಸಿಹಿಮದ್ಯ' ಎಂದರೆ ಪೋರ್ಟ್‌ನಂಥ ಸಿಹಿ ವೈನ್‌ಗಳೂ ಒಳಗೆ ನುಗ್ಗುತ್ತವೆ. 'ಆಸವ' ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಕೇಳಲು ಚೆನ್ನಾಗಿದೆ, ಆದರೆ ಆಯುರ್ವೇದದ ಆಸವ, ಅರಿಷ್ಟಗಳಲ್ಲಿ ಮದ್ಯಸಾರ ಪಾತ್ರೆಯೊಳಗೇ ಹುದುಗಿನಿಂದ ಹುಟ್ಟುತ್ತದೆ. ಅದಕ್ಕಾಗಿಯೇ ಧಾತಕಿ ಹೂವನ್ನು ಹಾಕುತ್ತಾರೆ. ಲಿಕ್ಯೂರಿನಲ್ಲಿ ಮದ್ಯ ಮೊದಲೇ ಸಿದ್ಧವಿರುತ್ತದೆ, ಪರಿಮಳ ಆಮೇಲೆ ಸೇರುತ್ತದೆ. ದ್ರಾಕ್ಷಾಸವವನ್ನು ಔಷಧದ ಅಂಗಡಿಯಿಂದ ಬಾರಿಗೆ ತಂದು ಕೂರಿಸುವ ಇಚ್ಛೆ ನನಗಿಲ್ಲ. ಆದ್ದರಿಂದ ಲಿಕ್ಯೂರ್ ಎಂದೇ ಉಳಿಸಿಕೊಂಡು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡುವುದು ಎಂದು ತೀರ್ಮಾನಿಸಿದ್ದೇನೆ. 'ಲಿಕರ್' ಎಂದು ಬರೆದರೆ ಮುದ್ರಣದಲ್ಲಿ ಒಂದು ಒತ್ತು ಬಿದ್ದುಹೋದಂತೆ ಕಾಣುತ್ತದೆ, ಹಾಗಾಗಿ 'ಕ್ಯೂ' ಇರಲಿ.

ಕೆಲವು ಲಿಕ್ಯೂರುಗಳ ಹೆಸರಿನ ಮೊದಲಿಗೆ ಬರುವ 'ಕ್ರೆಮ್' ವಿಷಯದಲ್ಲಿ ಚರ್ಚೆ ಬೇಕಿಲ್ಲ, ಎಚ್ಚರಿಕೆ ಸಾಕು. ಕ್ರೆಮ್ ದ ಮಾಂತ್ ಎಂಬುದನ್ನು 'ಪುದೀನ ಕೆನೆ' ಎಂದು ಅನುವಾದಿಸಿದ್ದನ್ನು ನೋಡಿದೆ. ಅದರಲ್ಲಿ ಹಾಲೂ ಇಲ್ಲ, ಕೆನೆಯೂ ಇಲ್ಲ. ಆ ಫ್ರೆಂಚ್ ಪದ ಅಲ್ಲಿ ಹೇಳುವುದು ಸಕ್ಕರೆಯ ಸಾಂದ್ರತೆಯನ್ನು: ಲೀಟರಿಗೆ ಕನಿಷ್ಠ 250 ಗ್ರಾಂ, ಕಪ್ಪು ಕರಂಟ್ ಹಣ್ಣಿನ ಕ್ರೆಮ್ ದ ಕಸಿಸ್‌ಗಾದರೆ 400 ಗ್ರಾಂ. ನಿಜವಾದ ಕೆನೆ ಇರುವುದು 1974ರಲ್ಲಿ ಮಾರುಕಟ್ಟೆಗೆ ಬಂದ ಐರ್ಲೆಂಡಿನ ಬೇಲೀಸ್‌ನಂಥವುಗಳಲ್ಲಿ.

ನನ್ನ ನಿಜವಾದ ತಲೆನೋವು ಪರಿಮಳದ ವಸ್ತುಗಳ ಹೆಸರು. ಕಹ್ಲುವಾಗೆ ಕಾಫಿ, ಲಿಮೊನ್ಚೆಲ್ಲೊಗೆ ನಿಂಬೆಯ ಸಿಪ್ಪೆ, ಡ್ರಾಂಬುಯಿಗೆ ಜೇನು ಮತ್ತು ಮೂಲಿಕೆ ಎಂದು ಸಲೀಸಾಗಿ ಬರೆದೆ. ಶಾರ್ತ್ರೂಸ್‌ನ 130 ಮೂಲಿಕೆಗಳ ಪಟ್ಟಿಯನ್ನು ಅದನ್ನು ತಯಾರಿಸುವ ಫ್ರಾನ್ಸಿನ ಸನ್ಯಾಸಿಗಳು ಗುಟ್ಟಾಗಿ ಇಟ್ಟುಕೊಂಡು ಅನುವಾದಕರಿಗೆ ದೊಡ್ಡ ಉಪಕಾರ ಮಾಡಿದ್ದಾರೆ. ಇಟಲಿಯ ಅಮರೆಟ್ಟೊವನ್ನು 'ಬಾದಾಮಿ ಲಿಕ್ಯೂರ್' ಎನ್ನಲು ಮಾತ್ರ ಮನಸ್ಸು ಒಪ್ಪುತ್ತಿಲ್ಲ. ರುಚಿ ಕಹಿಬಾದಾಮಿಯದೇ, ಆದರೆ ಹಲವು ತಯಾರಿಕೆಗಳಲ್ಲಿ ಅದು ಬರುವುದು ಏಪ್ರಿಕಾಟ್ ಬೀಜದ ತಿರುಳಿನಿಂದ. ಎರಡಕ್ಕೂ ಆ ವಾಸನೆ ಕೊಡುವುದು ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕ. 'ಕಹಿಬಾದಾಮಿಯ ರುಚಿಯುಳ್ಳದ್ದು' ಎಂದು ಬಳಸಿ ಹೇಳಿದ್ದೇನೆ.

ಈಗ ಸೋಂಪು. ನಮ್ಮ ದಿನಸಿ ಅಂಗಡಿಯಲ್ಲಿ ಸೋಂಪು ಎಂದು ಕೇಳಿದರೆ ಕೊಡುವುದು ಫೆನೆಲ್ ಬೀಜವನ್ನು. ಲಿಕ್ಯೂರುಗಳಲ್ಲಿ ಹೆಚ್ಚಾಗಿ ಬರುವುದು ಅನೀಸ್, ಅದು ಬೇರೆ ಗಿಡ, ಕಾಳೂ ಚಿಕ್ಕದು. ಅನುವಾದಗಳಲ್ಲಿ ಅದಕ್ಕೂ ಸೋಂಪು ಎಂದೇ ಹಾಕುತ್ತಾರೆ. ಇವೆರಡೂ ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದವು. ಮೂರನೆಯದು ನಾವು ಪಲಾವಿಗೆ ಹಾಕುವ ಚಕ್ರಮೊಗ್ಗು. ಹೆಸರು ಮೊಗ್ಗಾದರೂ ಅದು ಮರದ ಕಾಯಿ, ಇವಕ್ಕೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ. ಆದರೂ ಮೂರರಲ್ಲೂ ಇರುವ ಅನೆಥೋಲ್ ಎಂಬ ಪರಿಮಳದ ವಸ್ತು ಒಂದೇ, ಮೂಗಿಗೆ ಬೇಗ ಮೋಸವಾಗುತ್ತದೆ. ಅದು ಮದ್ಯಸಾರದಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಇಟಲಿಯ ಸಾಂಬೂಕಾಗೋ ಗ್ರೀಸಿನ ಊಜೊಗೋ ನೀರು ಬೆರೆಸಿದರೆ ತಿಳಿಯಾಗಿದ್ದ ಗ್ಲಾಸು ಬೆಳ್ಳಗೆ ಕದಡುವುದು ಅದಕ್ಕೇ. ಸಾಂಬೂಕಾದಲ್ಲಿ ಚಕ್ರಮೊಗ್ಗಿನ ತೈಲವಿದ್ದರೆ, ನನ್ನ ವಿದ್ಯಾರ್ಥಿ ಗಿರಾಕಿಗೆ 'ಸೋಂಪಿನದು ಸಾರ್' ಎಂದು ಹೇಳಬಾರದು. ಸೋಂಪನ್ನು ಫೆನೆಲ್‌ಗೇ ಬಿಟ್ಟು, ಅನೀಸನ್ನು 'ಅನೀಸ್ ಕಾಳು' ಎನ್ನಬಹುದೇ? ಹಳೆಯ ವೈದ್ಯಗ್ರಂಥಗಳನ್ನು ಬಲ್ಲವರು ಇದಕ್ಕಿಂತ ಒಳ್ಳೆಯ ಹೆಸರು ಕೊಟ್ಟರೆ ಸಂತೋಷ.

ಜರ್ಮನಿಯ ಕ್ಯುಮೆಲ್‌ಗೆ ಬಳಸುವ ಕ್ಯಾರವೇಗೆ 'ಶಾಜೀರಿಗೆ' ಎಂದು ಹಾಕಿ ಮುಂದೆ ಹೋಗಿದ್ದೇನೆ. ಆಕ್ಷೇಪವಿದ್ದರೆ ತಿಳಿಸಿ.

ಕೊನೆಯದು ಕಹಿ ಕಿತ್ತಳೆ. ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪಕ್ಕೆ ಸ್ಪೇನಿನವರು ಒಯ್ದ ಕಿತ್ತಳೆ ಅಲ್ಲಿನ ಒಣನೆಲದಲ್ಲಿ ತಿನ್ನಲಾಗದಷ್ಟು ಕಹಿಯಾಯಿತು, ಸಿಪ್ಪೆಯ ಘಮ ಮಾತ್ರ ಉಳಿಯಿತು. ಆ ಹೆಸರಿನ ಲಿಕ್ಯೂರ್ ಆ ಸಿಪ್ಪೆಯಿಂದ ಬಂದದ್ದು. ನೀಲಿ ಕುರಸಾವ್‌ನ ನೀಲಿ ಬರಿಯ ಬಣ್ಣ, ರುಚಿಗೆ ಸಂಬಂಧವಿಲ್ಲ. ಕ್ವಾಂತ್ರೋ ಎಂಬ ಲಿಕ್ಯೂರಿನಲ್ಲೂ ಸಿಹಿ, ಕಹಿ ಎರಡೂ ಕಿತ್ತಳೆಗಳ ಸಿಪ್ಪೆ ಇದೆ. ಈ ಕಹಿ ಕಿತ್ತಳೆಗೆ 'ಹೇರಳೆ' ಎನ್ನಲು ನನಗೆ ಆಸೆ. ತುಮಕೂರಿನ ಮನೆಗಳಲ್ಲಿ ಹೇರಳೆಕಾಯಿ ಚಿತ್ರಾನ್ನ ತಿಂದ ಹುಡುಗರಿಗೆ ಆ ಕಹಿಯೂ ಆ ಸಿಪ್ಪೆಯ ಘಾಟೂ ಹೊಸದಲ್ಲ. ಆದರೆ ಕೆಲವರು ಮಾದಳವನ್ನೂ ಗಜನಿಂಬೆಯನ್ನೂ ಇದೇ ಹೆಸರಿನಿಂದ ಕರೆಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಹೇರಳೆ ಎಂದು ಯಾವ ಹಣ್ಣನ್ನು ಕರೆಯುತ್ತೀರಿ? ಗಾತ್ರ, ಸಿಪ್ಪೆಯ ದಪ್ಪ, ಒಳತೊಳೆಯ ರುಚಿ, ಇಷ್ಟು ಬರೆದರೆ ಸಾಕು.