ಬಾಡಿಗೆಗೆಂದು ಫ್ಲ್ಯಾಟ್ ಕೊಳ್ಳುವ ಮುನ್ನ: ನನ್ನ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಉತ್ತರಹಳ್ಳಿಯ ಕಡೆ ಎಂಟು ವರ್ಷ ಹಳೆಯದಾದ, 1,150 ಚದರಡಿಯ, ಎರಡು ಬೆಡ್‌ರೂಮಿನ ಫ್ಲ್ಯಾಟೊಂದನ್ನು ಬಾಡಿಗೆಗೆ ಕೊಡುವ ಉದ್ದೇಶದಿಂದಲೇ ಕೊಳ್ಳಬೇಕೆಂದಿದ್ದೇನೆ. ಮಾತುಕತೆ 70 ಲಕ್ಷ ರೂಪಾಯಿಗೆ ಬಂದು ನಿಂತಿದೆ. ಅದೇ ಕಟ್ಟಡದಲ್ಲಿ ಅಷ್ಟೇ ದೊಡ್ಡ ಮನೆಗಳಿಗೆ ತಿಂಗಳಿಗೆ 24,000 ರೂಪಾಯಿ ಬಾಡಿಗೆ ಇದೆ. ಮೇಂಟೆನೆನ್ಸ್ 3,500 ರೂಪಾಯಿಯನ್ನು ಬಾಡಿಗೆದಾರರೇ ಬೇರೆಯಾಗಿ ಕಟ್ಟುತ್ತಾರೆ. ಹಾಗಾಗಿ ವರ್ಷಕ್ಕೆ 2,88,000 ರೂಪಾಯಿ, ಅಂದರೆ ಶೇ. 4.1ರಷ್ಟು ಆದಾಯ ಎಂದು ಲೆಕ್ಕ ಹಾಕಿದ್ದೇನೆ.

ಶಿವಮೊಗ್ಗದಲ್ಲಿರುವ ನಮ್ಮ ತಂದೆಯವರು ತಮ್ಮ ನಿವೃತ್ತಿಯ ಹಣದಿಂದ 30 ಲಕ್ಷ ಕೊಡಲು ಒಪ್ಪಿದ್ದಾರೆ. ಉಳಿದ 40 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಗಳ ಸಾಲ ಮಾಡಿದರೆ ಕಂತು ಸುಮಾರು 34,700 ರೂಪಾಯಿ ಬರುತ್ತದೆ. ಬಾಡಿಗೆ ಕಳೆದು ಕೈಯಿಂದ ಹಾಕಬೇಕಾದ ಹತ್ತು ಸಾವಿರ ಚಿಲ್ಲರೆಯೂ ಬಡ್ಡಿಯ ಮೇಲಿನ ತೆರಿಗೆ ಉಳಿತಾಯದಲ್ಲಿ ಸರಿಹೋಗುತ್ತದೆ ಎಂದು ಬ್ರೋಕರ್ ಹೇಳುತ್ತಿದ್ದಾರೆ. ನಾನು ಸಂಬಳದಾರ, ಶೇ. 30ರ ಹಂತದಲ್ಲಿದ್ದೇನೆ ಮತ್ತು ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದೇನೆ. ತಿಳಿದವರು ಹೇಳಬೇಕು.

ಉತ್ತರ: ಜಮಾಖರ್ಚು

ತೆರಿಗೆ ವಿವರ ಸಲ್ಲಿಸುವ ಕೆಲಸವೇ ನನ್ನ ವೃತ್ತಿಯಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಮೊದಲನೆಯದಾಗಿ, ನಿಮ್ಮ ಬಂಡವಾಳ 70 ಲಕ್ಷವಲ್ಲ. ಕರ್ನಾಟಕದಲ್ಲಿ 45 ಲಕ್ಷಕ್ಕೂ ಮೇಲ್ಪಟ್ಟ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿದರೆ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2 ಆಗಿದೆ. ಒಟ್ಟು ಶೇ. 7.6, ಅಂದರೆ 5,32,000 ರೂಪಾಯಿ. ಇದರ ಮೇಲೆ ಬ್ರೋಕರ್‌ಗೆ ಶೇ. 1, ಹಳೆಯ ಮನೆಯ ಸುಣ್ಣಬಣ್ಣ, ಅಡುಗೆಮನೆಯ ಕಪಾಟು, ನಲ್ಲಿ, ವೈರಿಂಗ್ ಎಂದು ಮೂರು ಲಕ್ಷ ಹಿಡಿದರೆ ಮನೆ ನಿಮ್ಮ ಕೈಗೆ ಬರುವಷ್ಟರಲ್ಲಿ 79 ಲಕ್ಷವಾಗಿರುತ್ತದೆ. ಬ್ಯಾಂಕು ಸಾಮಾನ್ಯವಾಗಿ ನೋಂದಣಿಯ ಖರ್ಚಿಗೆ ಸಾಲ ಕೊಡುವುದಿಲ್ಲ. ಈ ಒಂಬತ್ತು ಲಕ್ಷ ಎಲ್ಲಿಂದ ಬರುತ್ತದೆ ಎಂಬುದು ನಿಮ್ಮ ಪ್ರಶ್ನೆಯಲ್ಲಿ ಕಾಣಲಿಲ್ಲ. ಬೆಲೆ 50 ಲಕ್ಷ ದಾಟಿರುವುದರಿಂದ ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕೆಂಬುದೂ ನೆನಪಿರಲಿ. ಅದು ನಿಮ್ಮ ಖರ್ಚಲ್ಲ, ಆದರೆ ಮರೆತರೆ ದಂಡ ನಿಮ್ಮದೇ.

ಇನ್ನು ಆದಾಯ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆಂದು ಇಟ್ಟುಕೊಳ್ಳಿ: ಬಾಡಿಗೆ 2,64,000. ಆಸ್ತಿ ತೆರಿಗೆಗೆ 9,000 ಹಿಡಿಯೋಣ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ದರ ಸ್ವಂತ ವಾಸದ ಮನೆಗಿಂತ ಹೆಚ್ಚಾದ್ದರಿಂದ ಈಗಿನ ಮಾಲೀಕರ ರಸೀದಿಯನ್ನು ನೋಡಿ ಸಮಾಧಾನಪಡಬೇಡಿ. ಖಾಲಿ ತಿಂಗಳ ಮೇಂಟೆನೆನ್ಸ್ 3,500, ರಿಪೇರಿಗೆ ಸರಾಸರಿ 20,000, ಎರಡು ವರ್ಷಕ್ಕೊಮ್ಮೆ ಹೊಸ ಬಾಡಿಗೆದಾರರನ್ನು ಹುಡುಕಿಕೊಡುವ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ, ಅಂದರೆ ವರ್ಷಕ್ಕೆ 12,000. ಉಳಿಯುವುದು 2,19,500. ಇದನ್ನು 79 ಲಕ್ಷದಿಂದ ಭಾಗಿಸಿದರೆ ಶೇ. 2.8 ಮಾತ್ರ. ಕಂತು ಕಟ್ಟಲು ಕೈಯಿಂದ ಹಾಕಬೇಕಾದದ್ದೂ ತಿಂಗಳಿಗೆ ಹತ್ತು ಸಾವಿರವಲ್ಲ, ಹದಿನಾರು ಸಾವಿರಕ್ಕಿಂತ ಹೆಚ್ಚು.

ಬ್ರೋಕರ್ ಹೇಳಿದ ತೆರಿಗೆ ಉಳಿತಾಯದ ಮಾತು ಹಳೆಯ ಪದ್ಧತಿಯದು. ಬಾಡಿಗೆಯಿಂದ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ. 30ನ್ನು ಖರ್ಚು ಮಾಡಿದರೂ ಮಾಡದಿದ್ದರೂ ಬಿಡುತ್ತಾರೆ. ರಿಪೇರಿ, ವಿಮೆ, ಬ್ರೋಕರ್ ಶುಲ್ಕ ಎಲ್ಲಕ್ಕೂ ಸೇರಿ ಇರುವುದು ಇದೊಂದೇ, ಬೇರೆ ಬಿಲ್ಲು ತೋರಿಸಿ ಕಳೆಯಲಾಗದು. ನಿಮ್ಮ ವಿಷಯದಲ್ಲಿ 1,78,500 ಉಳಿಯುತ್ತದೆ. ಮೊದಲ ವರ್ಷದ ಬಡ್ಡಿಯೇ ಸುಮಾರು 3,37,000. ಅದನ್ನು ಕಳೆದರೆ 1,58,500 ನಷ್ಟ. ಹಳೆಯ ಪದ್ಧತಿಯಲ್ಲಿ ಈ ನಷ್ಟವನ್ನು ವರ್ಷಕ್ಕೆ 2 ಲಕ್ಷದ ಮಿತಿಯೊಳಗೆ ಸಂಬಳದಿಂದ ಕಳೆಯಬಹುದು, ಸುಮಾರು 49,000 ತೆರಿಗೆ ಉಳಿಯುತ್ತದೆ. ಹೊಸ ಪದ್ಧತಿಯಲ್ಲಿ ಬಾಡಿಗೆಯ ಮೇಲಿನ ತೆರಿಗೆ ಸೊನ್ನೆಯಾಗುತ್ತದೆ, ಅಷ್ಟೇ; ಮಿಕ್ಕ ನಷ್ಟವನ್ನು ಸಂಬಳದಿಂದ ಕಳೆಯಲೂ ಬಾರದು, ಮುಂದಿನ ವರ್ಷಗಳಿಗೆ ಒಯ್ಯಲೂ ಬಾರದು. ಈ 49,000ಕ್ಕಾಗಿ ಹಳೆಯ ಪದ್ಧತಿಗೆ ಮರಳುವ ಮುನ್ನ ಎರಡೂ ಲೆಕ್ಕ ಹಾಕಿ ನೋಡಿ: ಶೇ. 30ರ ದರ ಅಲ್ಲಿ 10 ಲಕ್ಷ ದಾಟಿದೊಡನೆ ಶುರುವಾಗುತ್ತದೆ, ಹೊಸದರಲ್ಲಿ 24 ಲಕ್ಷದ ಮೇಲೆ.

ಉತ್ತರ: ಮೂರನೇ ಮಹಡಿ

ಲೆಕ್ಕ ಮೇಲಿನವರು ಹೇಳಿದ್ದಾರೆ, ನಾನು ಅನುಭವ ಹೇಳುತ್ತೇನೆ. ಹನ್ನೊಂದು ವರ್ಷಗಳಿಂದ ಒಂದು ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟಿದ್ದೇನೆ. ಕಳೆದ ವರ್ಷ ಬಾಡಿಗೆದಾರರು ಮನೆ ಬಿಟ್ಟ ದಿನ ಅವರ ಅಡ್ವಾನ್ಸ್ ಒಂದೂವರೆ ಲಕ್ಷ ಹಿಂತಿರುಗಿಸಬೇಕಿತ್ತು. ಆ ಹಣ ಎಂದೋ ಮಗಳ ಕಾಲೇಜು ಶುಲ್ಕಕ್ಕೆ ಹೋಗಿತ್ತು, ಕೊನೆಗೆ ಚಿನ್ನ ಅಡವಿಟ್ಟೆ. ಅವರು ಹೋದ ಮೇಲೆ ಬಚ್ಚಲುಮನೆಯ ನೀರು ಕೆಳಗಿನ ಮನೆಯ ಸೀಲಿಂಗ್‌ಗೆ ಇಳಿದಿರುವುದು ಗೊತ್ತಾಯಿತು. ಪ್ಲಂಬರ್ ಟೈಲ್ಸ್ ಒಡೆದು ನೋಡಿದರೆ ಪೈಪಿನ ಜಾಯಿಂಟ್ ಕೊಳೆತಿತ್ತು. ಟೈಲ್ಸ್, ವಾಟರ್‌ಪ್ರೂಫಿಂಗ್, ಕೆಳಮನೆಯವರ ಪೇಂಟಿಂಗ್ ಎಲ್ಲ ಸೇರಿ 85,000. ಪೇಂಟಿಂಗ್‌ಗೆಂದು ಅಡ್ವಾನ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಒಂದು ತಿಂಗಳ ಬಾಡಿಗೆ ಇದರಲ್ಲಿ ಯಾವ ಮೂಲೆಗೆ? ಕೆಲಸ ಮುಗಿದು ಹೊಸಬರು ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಆದ್ದರಿಂದ ವರ್ಷಕ್ಕೆ 20,000 ಎಂಬ ಸರಾಸರಿ ತಪ್ಪಲ್ಲ, ಆದರೆ ಅದು ವರ್ಷವರ್ಷ ಹಾಗೆ ಬರುವುದಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು ಐದನೆಯ ವರ್ಷ ಒಟ್ಟಿಗೇ ಬರುತ್ತದೆ. ಅಡ್ವಾನ್ಸನ್ನು ಮಾತ್ರ ಬೇರೆ ಎಫ್‌ಡಿಯಲ್ಲಿ ಇಡಿ.

ಇ-ಖಾತಾ (ಆಸ್ತಿಯ ಡಿಜಿಟಲ್ ದಾಖಲೆ) ಮತ್ತು ಕಟ್ಟಡದ ಓ.ಸಿ. (ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ನೋಡದೆ ಮುಂಗಡ ಕೊಡಬೇಡಿ.

ಉತ್ತರ: ಹೊಳೆದಂಡೆ

ನನಗೆ ಚಿಂತೆ ತಂದೆಯವರ 30 ಲಕ್ಷದ್ದು. ಅರವತ್ತು ದಾಟಿದವರು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡಬಹುದಾದ ಗರಿಷ್ಠ ಮೊತ್ತವೂ ಅಷ್ಟೇ. 2025ರ ಶೇ. 8.2ರ ದರದಲ್ಲಿ ಅದು ಮೂರು ತಿಂಗಳಿಗೊಮ್ಮೆ 61,500, ವರ್ಷಕ್ಕೆ 2,46,000 ಕೊಡುತ್ತದೆ. ಇಡೀ ಫ್ಲ್ಯಾಟಿನಿಂದ ಖರ್ಚು ಕಳೆದು ಉಳಿಯುವುದು 2,19,500 ಎಂದು ಮೇಲೆ ನೋಡಿದೆವು, ಅದೂ ಸಾಲದ ಬಡ್ಡಿ ಕಟ್ಟುವ ಮುಂಚೆ. ಉಳಿತಾಯ ಯೋಜನೆಯ ಬಡ್ಡಿ ತೆರಿಗೆಗೆ ಒಳಪಡುತ್ತದೆ ನಿಜ. ಆದರೆ ತಂದೆಯವರ ಪಿಂಚಣಿ ಸೇರಿ ಒಟ್ಟು ಆದಾಯ 12 ಲಕ್ಷ ಮೀರದಿದ್ದರೆ ಹೊಸ ಪದ್ಧತಿಯ ರಿಯಾಯಿತಿಯಿಂದ ತೆರಿಗೆಯೇ ಬರುವುದಿಲ್ಲ. ಆದರೂ ಕೊಳ್ಳುವುದೇ ಆದರೆ ಕ್ರಯಪತ್ರದಲ್ಲಿ ಅವರ ಹೆಸರೂ ಪಾಲೂ ಸ್ಪಷ್ಟವಾಗಿ ಬರಲಿ. ಸದ್ಯಕ್ಕೆ ಇದರಿಂದ ತೆರಿಗೆಯಲ್ಲಿ ಲಾಭವಿಲ್ಲ, ನಿಮ್ಮ ಬಡ್ಡಿಯೇ ಬಾಡಿಗೆಯನ್ನು ನುಂಗಿಹಾಕುತ್ತಿದೆ. ನಾನು ಹೇಳುತ್ತಿರುವುದು ವಯಸ್ಸಾದವರ ಹಣಕ್ಕೆ ಒಂದು ಆಧಾರವಿರಲಿ ಎಂದು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಒಂಬತ್ತು ಲಕ್ಷದ ವಿಷಯ ನಿಜಕ್ಕೂ ನನ್ನ ತಲೆಗೆ ಹೊಳೆದಿರಲಿಲ್ಲ. ಆದರೆ ಹತ್ತು ವರ್ಷಗಳಲ್ಲಿ ಮನೆಯ ಬೆಲೆ ಏರುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲವಲ್ಲ?

ಜಮಾಖರ್ಚು

ಬೆಲೆ ಏರಬಹುದು, ಆದರೆ ಫ್ಲ್ಯಾಟಿನಲ್ಲಿ ಏರುವುದು ನಿಮ್ಮ ಪಾಲಿನ ಜಾಗದ ಬೆಲೆ, ಕಟ್ಟಡ ಹಳೆಯದಾಗುತ್ತಲೇ ಹೋಗುತ್ತದೆ. ಏರಿದ್ದರಲ್ಲಿಯೂ ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಶೇ. 12.5ರ ತೆರಿಗೆ ಇದೆ. 2024ರ ಜುಲೈ 23ಕ್ಕೆ ಮೊದಲು ಕೊಂಡವರಿಗೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಶೇ. 20 ಕಟ್ಟುವ ಆಯ್ಕೆ ಉಳಿದಿದೆ, ಈಗ ಕೊಳ್ಳುವ ನಿಮಗೆ ಅದಿಲ್ಲ. ನೋಂದಣಿ ಖರ್ಚು, ಬ್ರೋಕರ್ ಶುಲ್ಕ, ಕಪಾಟು ಮಾಡಿಸಿದ ಖರ್ಚುಗಳನ್ನು ಕೊಂಡ ಬೆಲೆಗೆ ಸೇರಿಸಿಕೊಳ್ಳಬಹುದು, ರಸೀದಿ ಇದ್ದರೆ. ಬಡಗಿಗೆ ನಗದು ಕೊಟ್ಟು ಚೀಟಿಯಲ್ಲಿ ಬರೆಸಿಕೊಂಡರೆ ಹತ್ತು ವರ್ಷದ ಮೇಲೆ ಅದನ್ನು ಯಾರೂ ಒಪ್ಪುವುದಿಲ್ಲ. ಆಸ್ತಿ ತೆರಿಗೆಯನ್ನು ಹೆಚ್ಚುಕಡಿಮೆ ಮಾಡಿ ನೋಡಿದರೂ ಈ ಮನೆಯ ಉತ್ತರ ಬದಲಾಗುವುದಿಲ್ಲ. ಬೆಲೆ 60 ಲಕ್ಷಕ್ಕೆ ಇಳಿದರೆ ಮತ್ತೆ ಇಲ್ಲಿ ಬರೆಯಿರಿ, ಹೊಸದಾಗಿ ಲೆಕ್ಕ ಹಾಕೋಣ.